ಬೋನ್‌ವಿಲ್ ಟಿ120 ಅಥವಾ ನಾರ್ಟನ್ ಕಮಾಂಡೋ: ನಮ್ಮ ಕಡೆ ರಸ್ತೆಗೆ ಯಾವುದು?

ಸಾಧನಕೇರಿ ಸವಾರ:
ನಮಸ್ಕಾರ ರೀ. ಎರಡು ಹಳೆ ಗಾಡಿ ಕಣ್ಣಿಗೆ ಬಿದ್ದಿವೆ. 1969ರ ಟ್ರಯಂಫ್ ಬೋನ್‌ವಿಲ್ ಟಿ120, 1971ರ ನಾರ್ಟನ್ ಕಮಾಂಡೋ 750. ಕಾಗದಪತ್ರ ಎರಡಕ್ಕೂ ಸರಿ ಇವೆ, ರೇಟೂ ಹೆಚ್ಚುಕಡಿಮೆ ಒಂದೇ. ಹುಬ್ಬಳ್ಳಿ ಓಡಾಟಕ್ಕೆ ಬೇರೆ ಗಾಡಿ ಇದೆ. ಇದು ರವಿವಾರ ಹಳಿಯಾಳ, ದಾಂಡೇಲಿ ಕಡೆ ಹೋಗಿ ಬರೋಕೆ ಅಷ್ಟೇ. ಈಗ ಇರೋದು ಬಲಗಾಲಿನ ಗೇರಿನ ಹಳೆ ಬುಲೆಟ್. ಯಾವುದು ತಗೊಳ್ಳಲಿ?

ಲೇತ್ ಕಾಕಾ:
ನನ್ನ ಓಟು ಬೋನ್‌ವಿಲ್‌ಗೆ. 649 ಸಿಸಿ, ಕಮಾಂಡೋಗಿಂತ ಹಗುರ, ತಿರುವಿನ ರಸ್ತೆಗೆ ಚಂದ. 1963ರಿಂದ ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿವೆ, ಹಾಗಾಗಿ ಪ್ರೈಮರಿ ಚೈನ್ (ಎಂಜಿನ್‌ನಿಂದ ಗೇರ್‌ಬಾಕ್ಸಿಗೆ ಹೋಗೋ ಚೈನ್) ಬಿಗಿ ಮಾಡೋಕೆ ನಾರ್ಟನ್ ತರ ಗೇರ್‌ಬಾಕ್ಸನ್ನೇ ಸರಿಸೋ ತಲೆನೋವಿಲ್ಲ. ವಾಲ್ವ್ ಎತ್ತೋ ಕಡ್ಡಿಗಳಿರೋ ಪುಶ್‌ರಾಡ್ ಟ್ಯೂಬಿನ ಬುಡದಲ್ಲಿ ಆಯಿಲ್ ಜಿನುಗುತ್ತೆ, ಒರೆಸಿಕೊಂಡು ಓಡಿಸಿ. ನಡುಕ ಅಂತೂ ಇದ್ದೇ ಇದೆ.

ಉಣಕಲ್ ನಾರ್ಟನ್:
ಕಾಕಾ, ನಡುಕ ಇದ್ದೇ ಇದೆ ಅಂತ ಸುಮ್ನೆ ಹೇಳಿ ಮುಗಿಸಿದ್ರಲ್ಲ, ಅದಕ್ಕೆ ಮದ್ದು ಅಂತಲೇ 1967ರಲ್ಲಿ ಕಮಾಂಡೋ ತಂದದ್ದು! ಎರಡೂ ಗಾಡಿಯಲ್ಲಿ ಪಿಸ್ಟನ್‌ಗಳು ಜೋಡಿಯಾಗಿ ಏರಿ ಜೋಡಿಯಾಗಿ ಇಳಿಯುತ್ತವೆ. ಬೋನ್‌ವಿಲ್ ಎಂಜಿನ್ ನೇರ ಫ್ರೇಮಿಗೆ ಬೋಲ್ಟ್. ಕಮಾಂಡೋದಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಹಿಡಿಯೋ ಸ್ವಿಂಗ್‌ಆರ್ಮ್ ಮೂರನ್ನೂ ಒಂದು ಕಟ್ಟು ಮಾಡಿ ರಬ್ಬರ್ ಮೇಲೆ ಕೂರಿಸಿದ್ದಾರೆ. ಐಸೊಲಾಸ್ಟಿಕ್ ಅಂತಾರೆ. ಐಡಲ್‌ನಲ್ಲಿ ಎಂಜಿನ್ ಮೈಮೇಲೆ ದೇವರು ಬಂದ ಹಾಗೆ ಕುಣಿಯುತ್ತೆ, ಎರಡೂವರೆ ಸಾವಿರ ಆರ್‌ಪಿಎಂ ದಾಟಿದರೆ ಕನ್ನಡಿಯಲ್ಲಿ ಹಿಂದಿನ ಲಾರಿ ಸ್ಪಷ್ಟ ಕಾಣುತ್ತೆ.

ಆದರೆ ರಬ್ಬರ್ ಪಕ್ಕದ ಶಿಮ್ (ಸಂದು ಹೊಂದಿಸೋ ತೆಳು ಬಿಲ್ಲೆ) ನೋಡಲೇಬೇಕು. ಸಂದು ಕಾಲು ಮಿಲಿಮೀಟರ್ ಆಸುಪಾಸು ಇರಬೇಕು. ಜಾಸ್ತಿ ಆದರೆ ತಿರುವಿನಲ್ಲಿ ಹಿಂದಿನ ಚಕ್ರ ತನ್ನ ದಾರಿ ತಾನು ಹಿಡಿಯುತ್ತೆ, ಕಡಿಮೆ ಆದರೆ ನಡುಕ ವಾಪಸ್. ಗಾಡಿ ಎತ್ತಿ ನಿಲ್ಲಿಸಿ, ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ.

ಲೇತ್ ಕಾಕಾ:
ಶಿಮ್ ಬೇಕಾದರೆ ಗೋಕುಲ ರೋಡಿನಲ್ಲೇ ತಿರುಗಿಸಿ ಕೊಡ್ತಾರೆ ಬಿಡಿ. ಹಿಡಿಸದೇ ಇರೋದು ಕಮಾಂಡೋದ ಆಯಿಲ್ ಕಥೆ. ಮಳೆಗಾಲ ಪೂರ್ತಿ ನಿಲ್ಲಿಸಿದ್ರೆ ಆಯಿಲ್ ಟ್ಯಾಂಕಿನದೆಲ್ಲಾ ಎಂಜಿನ್ ತಳದ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತೆ, ತೆಗೆಯದೆ ಕಿಕ್ ಹೊಡೆದ್ರೆ ಸೀಲು ಹೋಗುತ್ತೆ.

ಗದಗ ಗ್ಯಾರೇಜ್:
ಇಬ್ಬರೂ ಗೇರಿನ ಮಾತೇ ಆಡಲಿಲ್ಲ. ಎರಡೂ ಬಲಗಾಲಿಗೇ. ಕಮಾಂಡೋದಲ್ಲಿ ಫಸ್ಟ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ, ಥೇಟ್ ನಿಮ್ಮ ಬುಲೆಟ್ಟಿನ ಹಾಗೇ. ಬೋನ್‌ವಿಲ್‌ದು ಉಲ್ಟಾ. ಅಡ್ಡ ಎಮ್ಮೆ ಬಂದಾಗ ತಲೆ ಯೋಚನೆ ಮಾಡೋ ಮೊದಲೇ ಕಾಲು ಹಳೆ ರೂಢಿಯಂತೆ ಹೋಗಿರುತ್ತೆ ನೋಡಿ, ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಎರಡರಲ್ಲೂ ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪಾಸಿಟಿವ್ ವೈರು ಬಾಡಿಗೆ. ಬ್ಯಾಟರಿ ಹಾಕೋ ಹುಡುಗ ರೂಢಿ ಪ್ರಕಾರ ನೆಗೆಟಿವ್ ವೈರು ಬಾಡಿಗೆ ಕೊಟ್ಟರೆ ಲೂಕಾಸ್ ಕಂಪನಿಯ ಕರೆಂಟಿನ ಸಾಮಾನು ಸುಟ್ಟೀತು. ಬ್ಯಾಟರಿ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿಡಿ.

ಸಾಧನಕೇರಿ ಸವಾರ:
ಗೇರು ಬುಲೆಟ್ಟಿನ ಹಾಗೇ ಅಂದ್ಮೇಲೆ ಮನಸ್ಸು ಕಮಾಂಡೋ ಕಡೆ ವಾಲ್ತಿದೆ. ಬರೋ ರವಿವಾರ ನೋಡೋಕೆ ಹೋಗ್ತೇನೆ.

ಉಣಕಲ್ ನಾರ್ಟನ್:
ಬೆಳಗ್ಗೆನೇ ಹೋಗಿ, ಎಂಜಿನ್ ತಣ್ಣಗಿರಬೇಕು, ಸ್ಟಾರ್ಟಿಂಗ್ ತೊಂದರೆ ಇದ್ರೆ ಆಗಲೇ ಗೊತ್ತಾಗೋದು. ನೀವು ಬರೋ ಮೊದಲೇ ಬಿಸಿ ಮಾಡಿ ಇಟ್ಟಿದ್ರೆ ಕಾರಣ ಕೇಳಿ.