ಮೆಣಸಿನ ಬಳ್ಳಿ ಬೇರಿನೊಳಗೆ ಶಿಲೀಂಧ್ರ ಸೇರಿಕೊಂಡರೆ ಸೊರಗು ರೋಗ ತಡೆಯುತ್ತಾ?

ತೋಟದಮನೆ_ಶಿರಸಿ:
ನಮ್ಮದು ಅಡಿಕೆ ಮರಕ್ಕೆ ಹಬ್ಬಿಸಿದ ಪಣಿಯೂರು ಬಳ್ಳಿ. ಪ್ರತಿ ಮಳೆಗಾಲದಲ್ಲೂ ಒಂದಷ್ಟು ಬಳ್ಳಿ ಸೊರಗಿ ಹೋಗುತ್ತವೆ. ಬುಡ ಕಪ್ಪಾಗುತ್ತದೆ, ಹಸಿರು ಎಲೆಯೇ ಉದುರುತ್ತದೆ, ಆಮೇಲೆ ಬಳ್ಳಿ ಗೆಣ್ಣು ಗೆಣ್ಣಾಗಿ ಕಳಚಿ ಬೀಳುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತಲೇ ಇದ್ದೇವೆ. ಈ ಸಲ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಶಿಲೀಂಧ್ರದ ಪುಡಿ ಹಾಕೋಣ ಅಂತಿದ್ದೇನೆ. ಅದು ರೋಗದ ಶಿಲೀಂಧ್ರವನ್ನು ತಿನ್ನುತ್ತದೆ ಅಂತ ಅಂಗಡಿಯವರು ಹೇಳಿದರು, ಬೇರಿನೊಳಗೇ ಹೋಗಿ ಕೂರುತ್ತದೆ ಅಂತ ಪಕ್ಕದ ತೋಟದವರು ಹೇಳುತ್ತಾರೆ. ಯಾವುದು ನಿಜ? ಬೇರಿನೊಳಗೆ ಬೂಸ್ಟು ಹೊಕ್ಕರೆ ಬಳ್ಳಿಗೇ ತೊಂದರೆ ಅಲ್ವಾ?

ಬೇರು_ಬೂಸ್ಟು:
ಎರಡೂ ನಿಜ ಸರ್. ನಾನು ಸಸ್ಯರೋಗ ವಿಭಾಗದಲ್ಲಿ ಓದುತ್ತಿದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ. ಮಣ್ಣಿನಲ್ಲಿರುವಾಗ ಟ್ರೈಕೋಡರ್ಮಾ ಬೇರೆ ಶಿಲೀಂಧ್ರಗಳ ಎಳೆಗೆ ಸುತ್ತಿಕೊಂಡು ಅದರ ಗೋಡೆ ಕರಗಿಸಿ ತಿನ್ನುತ್ತದೆ. ಅದೇ ಬೇರಿನ ಹತ್ತಿರ ಬಂದಾಗ ಹೊರಗಿನ ಕೆಲವು ಪದರಗಳ ತನಕ ಒಳಗೆ ನುಗ್ಗುತ್ತದೆ. ಅಲ್ಲಿಂದ ಮುಂದಕ್ಕೆ ಗಿಡ ಬಿಡುವುದಿಲ್ಲ, ಜೀವಕೋಶದ ಗೋಡೆಯನ್ನು ದಪ್ಪ ಮಾಡಿ ತಡೆಯುತ್ತದೆ. ನೀರು ಸಾಗುವ ನಾಳದವರೆಗೆ ಅದು ಹೋಗುವುದಿಲ್ಲ, ಹಾಗಾಗಿ ಬಳ್ಳಿ ಬಾಡುವ ಪ್ರಶ್ನೆ ಇಲ್ಲ.

ನನಗೆ ಮುಖ್ಯ ಅನಿಸುವುದು ಈ ತಡೆಯುವ ಕೆಲಸವೇ. ಒಳಗೆ ಯಾರೋ ಬಂದಿದ್ದಾರೆ ಅಂತ ಗಿಡಕ್ಕೆ ಗೊತ್ತಾಗಿ ಜಾಸ್ಮೋನಿಕ್ ಆಮ್ಲದಂಥ ಸಂಕೇತಗಳು ಕಾಂಡ, ಎಲೆಯವರೆಗೂ ಹೋಗುತ್ತವೆ. ಮುಂದೆ ನಿಜವಾದ ರೋಗ ಬಂದಾಗ ಗಿಡ ಬೇಗ ಎದುರು ನಿಲ್ಲುತ್ತದೆ. ಇದಕ್ಕೆ ಚೆನ್ನಾಗಿ ಪರೀಕ್ಷೆ ಮಾಡಿದ ಉದಾಹರಣೆ ನಮ್ಮ ದೇಶದ್ದೇ ಇನ್ನೊಂದು ಶಿಲೀಂಧ್ರ, ಪಿರಿಫಾರ್ಮೋಸ್ಪೋರಾ ಇಂಡಿಕಾ. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಬಳ್ಳಾರಿ ಜಾಲಿ, ಕಾಡುಬೋರೆ ಬುಡದ ಮಣ್ಣಿನಲ್ಲಿ ಸಿಕ್ಕಿದ್ದು. ಅದನ್ನು ಬಾರ್ಲಿ ಬೇರಿಗೆ ಸೇರಿಸಿ ನೋಡಿದರು, 2005ರಲ್ಲಿ ಪ್ರಕಟವಾಯಿತು. ಶಿಲೀಂಧ್ರ ಇದ್ದದ್ದು ಬೇರಿನಲ್ಲಿ ಮಾತ್ರ, ಆದರೆ ಎಲೆಯ ಮೇಲಿನ ಬೂದಿ ರೋಗ ಕಮ್ಮಿಯಾಯಿತು! ಅಂದರೆ ಅದು ರೋಗವನ್ನು ಮುಟ್ಟಲೇ ಇಲ್ಲ, ಗಿಡವನ್ನೇ ಎಚ್ಚರಿಸಿತು.

ಎಲ್ಲದರಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾಗದು. ಪನಾಮಾದಲ್ಲಿ ಕೋಕೋ ಎಲೆಗಳಿಗೆ ಒಳ್ಳೆಯ ಶಿಲೀಂಧ್ರ ಸೇರಿಸಿ, ಆಮೇಲೆ ಫೈಟಾಫ್ತೊರಾ ಹಾಕಿ ನೋಡಿದ್ದಾರೆ, ಅಂದರೆ ನಮ್ಮ ಮೆಣಸಿನ ಸೊರಗು ರೋಗಕ್ಕೆ ಕಾರಣವಾದ ಫೈಟಾಫ್ತೊರಾದ ದಾಯಾದಿಯನ್ನೇ. ಎಲೆ ಸಾಯುವುದು ಕಮ್ಮಿಯಾಯಿತು, ಆದರೆ ಶಿಲೀಂಧ್ರ ಸೇರಿಸಿದ ಎಲೆಗಳಲ್ಲಿ ಮಾತ್ರ. ಅದೇ ಗಿಡದ ಬೇರೆ ಎಲೆಗೆ ಆ ರಕ್ಷಣೆ ಸಿಗಲಿಲ್ಲ.

ಹಳೇತೋಟ_ಸುಳ್ಯ:
ತಮ್ಮಾ, ಚೆನ್ನಾಗಿ ಬರೆದಿದ್ದೀಯ. ತೋಟದ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ. ಬುಡ ಕಪ್ಪಾದ ಬಳ್ಳಿಗೆ ಇದನ್ನು ಸುರಿದು ಪ್ರಯೋಜನ ಇಲ್ಲ, ರೋಗ ಬರುವ ಮೊದಲೇ ಬೇರಿನಲ್ಲಿ ಇದು ನೆಲೆ ನಿಂತಿರಬೇಕು. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ, ಬಳ್ಳಿಗೆ 50 ಗ್ರಾಂ. ಸುಮ್ನೆ ಪುಡಿ ಚೆಲ್ಲಬೇಡಿ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ, ನೆರಳಲ್ಲಿ ತೇವ ಇಟ್ಟು, ಗೋಣಿ ಮುಚ್ಚಿ ಒಂದೆರಡು ವಾರ ಬಿಡಿ, ನಡುವೆ ಒಮ್ಮೆ ಮಗುಚಿ ಹಾಕಿ. ಗೋಣಿ ಎತ್ತಿದಾಗ ಬಿಳಿ ಎಳೆ ಹಬ್ಬಿ ಅದರ ಮೇಲೆ ಪಾಚಿ ಬಣ್ಣದ ಪುಡಿ ಕೂತಿದ್ದರೆ ಜೀವ ಇದೆ ಅಂತ ಅರ್ಥ. ಏನೂ ಬೆಳೆಯದಿದ್ದರೆ ಆ ಪ್ಯಾಕೆಟ್ ಸತ್ತಿದೆ. ನಮ್ಮ ಕಡೆ ಒಂದು ಅಂಗಡಿಯಲ್ಲಿ ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟು ಮಾರುತ್ತಿದ್ದರು. ಕೊಳ್ಳುವಾಗ ತಯಾರಾದ ದಿನಾಂಕ ನೋಡಲೇಬೇಕು.

ಹೊಸ ಬಳ್ಳಿ ನೆಡುವವರು ಕೊಟ್ಟೆಯ ಮಣ್ಣಿಗೇ ಬೆರೆಸಿಬಿಡಿ. ಎಳೆ ಬೇರಿಗೆ ಮೊದಲು ಹತ್ತಿಕೊಳ್ಳುವುದು ಇದೇ ಆಗಲಿ.

ತೋಟದಮನೆ_ಶಿರಸಿ:
ತುಂಬಾ ಉಪಕಾರ ಆಯಿತು ಇಬ್ಬರಿಗೂ. ಬೋರ್ಡೋ ನಿಲ್ಲಿಸಬೇಕಾ ಹಾಗಾದರೆ? ತುತ್ತದಿಂದ ಇದೂ ಸಾಯುತ್ತದೆ ಅಂತಾರಲ್ಲ.

ಬೇರು_ಬೂಸ್ಟು:
ನಿಲ್ಲಿಸಬೇಡಿ ಸರ್. ಎಲೆಗೆ ಬೋರ್ಡೋ ಇರಲಿ, ಆದರೆ ಬುಡಕ್ಕೆ ತಾಮ್ರದ ಔಷಧ ಸುರಿದ ಕೂಡಲೇ ಟ್ರೈಕೋಡರ್ಮಾ ಹಾಕಬೇಡಿ, ನಡುವೆ ಎರಡು ವಾರವಾದರೂ ಬಿಡಿ. ಬುಡಕ್ಕೆ ಔಷಧ ಕೊಡಲೇಬೇಕು ಅಂದರೆ ಮೆಟಲಾಕ್ಸಿಲ್ ಮಾತ್ರ ಇರುವುದನ್ನು ಕೇಳಿ. ಫೈಟಾಫ್ತೊರಾ ನಿಜವಾದ ಶಿಲೀಂಧ್ರ ಅಲ್ಲ, ನೀರಿನ ಬೂಸ್ಟುಗಳ ಜಾತಿಯದು. ಮೆಟಲಾಕ್ಸಿಲ್ ಹೊಡೆಯುವುದು ಆ ಜಾತಿಯನ್ನು, ಟ್ರೈಕೋಡರ್ಮಾಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಮ್ಯಾಂಕೋಜೆಬ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಸೇರಿಸಿದ ಪುಡಿಯಾದರೆ ಆ ಮಾತು ಬೇರೆ, ಲೇಬಲ್ ಓದಿಯೇ ತನ್ನಿ.

ಹಳೇತೋಟ_ಸುಳ್ಯ:
ಬಸಿಗಾಲುವೆ ಒಮ್ಮೆ ನೋಡಿ. ನೀರಿನ ಬೂಸ್ಟು ಅಂದನಲ್ಲ ತಮ್ಮ, ಅದರ ಬೀಜಕಣ ಈಜಿಕೊಂಡು ಒಂದು ಬುಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಬುಡದಲ್ಲಿ ನೀರು ನಿಂತರೆ ಬೇರಿನೊಳಗೆ ಯಾವ ಒಳ್ಳೆಯ ಶಿಲೀಂಧ್ರ ಇದ್ದರೂ ಸಾಲದು. ಮೇ ತಿಂಗಳಲ್ಲೇ ಕಾಲುವೆ ಬಿಡಿಸಿ, ನೆಲಕ್ಕೆ ಹರಿದ ಕುಡಿಗಳನ್ನು ಕತ್ತರಿಸಿ ಹೊರಗೆ ಹಾಕಿ, ಆಮೇಲೆ ಗೊಬ್ಬರ ಕೊಡಿ.