ಟರ್ಬೊ ಇಂಜಿನ್‌ಗೆ ಮನೆಯಲ್ಲೇ ಆಯಿಲ್ ಕ್ಯಾಚ್ ಕ್ಯಾನ್ ಮಾಡಬಹುದಾ?

ಪ್ರಶ್ನೆ (ಸಕಲೇಶಪುರದಿಂದ): ನಮಸ್ಕಾರ ಸರ್. ನನ್ನದು 2014ರ ಸ್ಕಾರ್ಪಿಯೊ, 2.2 ಲೀಟರ್ ಟರ್ಬೊ ಡೀಸೆಲ್. 1,38,000 ಕಿ.ಮೀ. ಓಡಿದೆ. ಹೋದ ವಾರ ಇಂಟರ್‌ಕೂಲರ್ (ಟರ್ಬೊ ಕಳಿಸುವ ಗಾಳಿಯನ್ನು ತಣಿಸುವ ಭಾಗ) ಪೈಪ್ ಬಿಚ್ಚಿ ನೋಡಿದೆ. ಒಳಗೆ ಬೆರಳಾಡಿಸಿದರೆ ಕಪ್ಪು ಆಯಿಲ್. ಕೆಳಗಿನ ಬೆಂಡಿನಲ್ಲಿ ಒಂದು ಚಮಚದಷ್ಟು ನಿಂತಿತ್ತು. ಒಂದು ಗ್ಯಾರೇಜಿನಲ್ಲಿ ಟರ್ಬೊನೇ ಹೋಗಿದೆ, ಬದಲಿಸಿ ಅಂದರು. ಗೆಳೆಯನೊಬ್ಬ ಕ್ಯಾಚ್ ಕ್ಯಾನ್, ಅಂದರೆ ಆಯಿಲ್ ಹಿಡಿಯುವ ಡಬ್ಬಿ, ಹಾಕು ಸಾಕು ಅಂದ. ಮನೆಯಲ್ಲಿ ಹಳೆಯ ಸ್ಟೀಲ್ ನೀರಿನ ಬಾಟಲಿ ಇದೆ. ಅದಕ್ಕೆ ಎರಡು ನಿಪ್ಪಲ್ ಕೂರಿಸಿ, ಒಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುಂಬಿ ಮಾಡೋಣ ಅಂತಿದ್ದೇನೆ. ಸರಿ ಹೋಗುತ್ತದಾ?

ಉತ್ತರ: ನಮಸ್ಕಾರ. ಮಾಡಬಹುದು, ಆದರೆ ಡಬ್ಬಿಯ ಮಾತಿಗೆ ಆಮೇಲೆ ಬರೋಣ. ಮೊದಲು ಆ ಆಯಿಲ್ ಎಲ್ಲಿಂದ ಬಂತು ಅಂತ ನೋಡಿ.

ಸಿಲಿಂಡರಿನಲ್ಲಿ ಉರಿದ ಗ್ಯಾಸ್ ಪೂರ್ತಿ ಸೈಲೆನ್ಸರಿಗೆ ಹೋಗುವುದಿಲ್ಲ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಹೊಸ ಇಂಜಿನ್‌ನಲ್ಲೂ ಇಳಿಯುತ್ತದೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಒತ್ತಡ ಜಾಸ್ತಿ, ಹಾಗಾಗಿ ಇದೂ ಜಾಸ್ತಿ. ಅಲ್ಲೇ ಕೂಡಿಹಾಕಿದರೆ ಆಯಿಲ್ ಸೀಲ್ ಒಡೆದು ಹೊರಗೆ ಬರುತ್ತದೆ. ಅದಕ್ಕೇ ಟ್ಯಾಪೆಟ್ ಕವರಿನಿಂದ ಒಂದು ಬ್ರೀದರ್ ಪೈಪ್ ಕೊಟ್ಟು, ಟರ್ಬೊಗೆ ಗಾಳಿ ಹೋಗುವ ಪೈಪಿಗೆ ಸೇರಿಸಿರುತ್ತಾರೆ. ಆ ಗ್ಯಾಸಿನ ಜೊತೆ ಆಯಿಲ್ ಮಂಜಿನ ಹಾಗೆ ತೇಲಿ ಬರುತ್ತದೆ. ಟರ್ಬೊ ದಾಟಿ ಇಂಟರ್‌ಕೂಲರಿನಲ್ಲಿ ತಣ್ಣಗಾಗಿ ಹನಿಯಾಗಿ ನಿಲ್ಲುತ್ತದೆ. ಮುಂದೆ ಹೋಗಿದ್ದು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಇಜಿಆರ್ (ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಒಳಗೆ ಕಳಿಸುವ ವಾಲ್ವ್) ತಂದ ಮಸಿಯ ಜೊತೆ ಕಲೆತು ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಕ್ಯಾಚ್ ಕ್ಯಾನ್ ಹಿಡಿಯಬೇಕಾದ್ದು ಈ ಮಂಜನ್ನು.

1.38 ಲಕ್ಷ ಓಡಿದ ಡೀಸೆಲ್ ಗಾಡಿಯಲ್ಲಿ ಒಂದು ಚಮಚ ಆಯಿಲ್ ನೋಡಿ ಟರ್ಬೊ ಹೋಗಿದೆ ಅಂತ ನಾನು ಹೇಳುವುದಿಲ್ಲ. ಇಂಜಿನ್ ತಣ್ಣಗಿದ್ದಾಗ, ಆಫ್ ಮಾಡಿ, ಟರ್ಬೊ ಬಾಯಿಯ ಪೈಪ್ ಬಿಚ್ಚಿ. ಫ್ಯಾನನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾಗಬಾರದು. ರೆಕ್ಕೆ ಸುತ್ತಲಿನ ಗೋಡೆಗೆ ಉಜ್ಜಿದ ಗುರುತು ಇರಬಾರದು. ಆಮೇಲೆ ಗಾಡಿ ಬಿಸಿ ಮಾಡಿ, ಐಡಲ್‌ನಲ್ಲಿ ಆಯಿಲ್ ಕ್ಯಾಪ್ ಸಡಿಲಿಸಿ ಸುಮ್ನೆ ಮೇಲಿಟ್ಟು ನೋಡಿ. ಸ್ವಲ್ಪ ಅದುರುವುದು, ಸಣ್ಣ ಹೊಗೆ ಸಹಜ. ಕ್ಯಾಪ್ ಕುಣಿದು ಹಾರಿದರೆ, ಬುಸುಬುಸು ಹೊಗೆ ಬಂದರೆ ಕಂಪ್ರೆಷನ್ ಚೆಕ್ ಮಾಡಿಸಿ. ರಿಂಗ್ ಸವೆದ ಇಂಜಿನ್‌ಗೆ ಡಬ್ಬಿ ಕಟ್ಟಿದರೆ ಡಬ್ಬಿ ಬೇಗ ತುಂಬುತ್ತದೆ, ಅಷ್ಟೇ.

ಇನ್ನು ನಿಮ್ಮ ಬಾಟಲಿ. ಅದು ಎರಡು ಪದರದ ಫ್ಲಾಸ್ಕ್ ಆಗಿದ್ದರೆ ಬೇಡ. ಒಂದೇ ಪದರದ್ದಾದರೂ ತಗಡು ತೀರಾ ತೆಳು. ಎಪಾಕ್ಸಿ ಅಂಟು ಹಾಕಿ ನಿಪ್ಪಲ್ ಕೂರಿಸಿದವರು ತುಂಬ ಜನ ನನ್ನಲ್ಲಿಗೆ ಬಂದಿದ್ದಾರೆ. ಬಾನೆಟ್ ಕೆಳಗಿನ ಬಿಸಿ ಮತ್ತು ಅದುರುವಿಕೆಗೆ ಅಂಟು ಬಿಡುತ್ತದೆ. ಆ ಸಂದಿಯಿಂದ ಫಿಲ್ಟರ್ ಆಗದ ಧೂಳಿನ ಗಾಳಿ ನೇರ ಟರ್ಬೊಗೆ ಹೋಗುತ್ತದೆ. 75 ಎಂಎಂ ಒಳವ್ಯಾಸದ ಅಲ್ಯೂಮಿನಿಯಂ ಪೈಪ್ 20 ಸೆಂ.ಮೀ. ಕತ್ತರಿಸಿ ತನ್ನಿ. ಸುಮಾರು 880 ಮಿಲಿ ಹಿಡಿಯುತ್ತದೆ. ಕೆಳಗೆ ತಟ್ಟೆ, ಮೇಲೆ ಬೋಲ್ಟ್ ಹಾಕಿ ಬಿಚ್ಚುವ ಮುಚ್ಚಳ, ನಡುವೆ ಆಯಿಲ್ ತಡೆಯುವ ಗ್ಯಾಸ್ಕೆಟ್ ಅಥವಾ ಓ-ರಿಂಗ್. ಆರ್ಗಾನ್ ವೆಲ್ಡಿಂಗ್ ಮಾಡುವವರು ಹಾಸನದಲ್ಲಿ ಸಿಗುತ್ತಾರೆ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಸರ್. ಟರ್ಬೊ ನೋಡಿದೆ, ಆಟ ಇಲ್ಲ. ಕ್ಯಾಪ್ ಕೂಡ ಸಣ್ಣಗೆ ಅದುರುತ್ತದೆ ಅಷ್ಟೇ. ಒಳಗೆ ಏನು ಹೇಗೆ ಇಡಬೇಕು, ಪೈಪ್ ಯಾವುದು ಹಾಕಬೇಕು ಅಂತ ಬಿಡಿಸಿ ಹೇಳ್ತೀರಾ?

ಉತ್ತರ: ಒಳ್ಳೆಯದಾಯಿತು, ಹಾಗಾದರೆ ಮಾಡಿ.

ಬರೀ ಖಾಲಿ ಡಬ್ಬಿಗೆ ಮೇಲೆ ಎರಡು ತೂತು ಕೊರೆದರೆ ಗ್ಯಾಸ್ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ, ಆಯಿಲ್ ನಿಲ್ಲುವುದಿಲ್ಲ. ಒಳಗೆ ಬರುವ ಪೈಪನ್ನು ಡಬ್ಬಿಯ ಅರ್ಧದವರೆಗೆ ಇಳಿಸಿ, ತುದಿಯನ್ನು ಓರೆಯಾಗಿ ಕತ್ತರಿಸಿ ಗೋಡೆಗೆ ಮುಖ ಮಾಡಿ. ಗ್ಯಾಸ್ ಗೋಡೆಗೆ ಬಡಿದು ತಿರುಗಬೇಕು. ಹೊರಗೆ ಹೋಗುವ ಬಾಯಿ ಮೇಲೆ. ಇವೆರಡರ ನಡುವೆ ತೂತಿನ ತಟ್ಟೆ, ಅದರ ಮೇಲೆ ನಾರು, ಅದರ ಮೇಲೆ ಇನ್ನೊಂದು ತೂತಿನ ತಟ್ಟೆ. ತಳದಿಂದ ಮೂರು ಬೆರಳು ಎತ್ತರದಲ್ಲಿ ಮತ್ತೊಂದು ತೂತಿನ ತಟ್ಟೆ ಇರಲಿ. ಘಾಟ್ ತಿರುವಿನಲ್ಲಿ ಆಯಿಲ್ ತುಳುಕಿ ಮೇಲೇರದಂತೆ ಅದು ತಡೆಯುತ್ತದೆ.

ನಾರು ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಬೇಕು, ರಿಬ್ಬನ್ ಹಾಗೆ ಸುರುಳಿ ಇರುವುದು. ಪೇಂಟರ್‌ಗಳು ಬಳಸುವ ಬೂದು ಬಣ್ಣದ ಸಣ್ಣ ಉಕ್ಕಿನ ನಾರು ತುಕ್ಕು ಹಿಡಿದು ಪುಡಿಯಾಗುತ್ತದೆ. ಸ್ಟೇನ್‌ಲೆಸ್ ನಾರಿನಲ್ಲೂ ಕತ್ತರಿಸಿದ ತುಂಡು ಬೇಡ, ಹಾಗೇ ಇಡೀ ಉಂಡೆ ಇಡಿ. ಟರ್ಬೊ ಫ್ಯಾನ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಕೂದಲಿನಷ್ಟು ತಂತಿ ಹೋದರೂ ರೆಕ್ಕೆಯ ಅಂಚು ಚಿಪ್ಪೇಳುತ್ತದೆ. ವೆಲ್ಡಿಂಗ್ ಚೂರು ಇರುತ್ತದೆ ನೋಡಿ, ಅದನ್ನೂ ತಂತಿ ಬ್ರಷ್ ಹಾಕಿ ತಿಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಒರೆಸಿ.

ಮತ್ತೆ, ನಾರನ್ನು ತುರುಕಬೇಡಿ. ತುಂಬ ವರ್ಷದ ಹಿಂದೆ ನಾನು ಮೊದಲ ಸಲ ಕ್ಯಾನ್ ಮಾಡಿದಾಗ, ಜಾಸ್ತಿ ನಾರು ಹಾಕಿದರೆ ಜಾಸ್ತಿ ಆಯಿಲ್ ಹಿಡಿಯುತ್ತದೆ ಅಂತ ನಾಲ್ಕು ಉಂಡೆ ಒತ್ತಿ ತುಂಬಿದ್ದೆ. ಎರಡು ತಿಂಗಳಲ್ಲಿ ಗಾಡಿ ವಾಪಸ್ ಬಂತು. ನಾರಿಗೆ ಆಯಿಲ್ ಮತ್ತು ಮಸಿ ಮೆತ್ತಿ ದಾರಿಯೇ ಮುಚ್ಚಿತ್ತು. ಕ್ರ್ಯಾಂಕಿನ ಹಿಂದಿನ ಸೀಲ್ ಲೀಕಾಗಿ ಕ್ಲಚ್ ಪ್ಲೇಟ್ ನೆನೆದಿತ್ತು. ಗೇರ್‌ಬಾಕ್ಸ್ ಇಳಿಸಬೇಕಾಯಿತು. ಆ ಖರ್ಚು ನಾನೇ ಕೊಟ್ಟೆ. ಆಯಿಲ್ ಕಡಿಮೆ ಹಿಡಿದರೂ ಪರವಾಗಿಲ್ಲ, ಇಂಜಿನ್ ಉಸಿರು ಕಟ್ಟಬಾರದು. ಟರ್ಬೊಗೂ ಇದೇ ಮಾತು. ಅದರ ಆಯಿಲ್ ಯಾವ ಪಂಪೂ ಇಲ್ಲದೆ, ತಾನಾಗಿ ಇಳಿದು ಚೇಂಬರಿಗೆ ಬೀಳುತ್ತದೆ. ಚೇಂಬರಿನಲ್ಲಿ ಒತ್ತಡ ಏರಿದರೆ ಆಯಿಲ್ ಇಳಿಯದೆ ಟರ್ಬೊ ಸೀಲ್ ದಾಟಿ ಇಂಟರ್‌ಕೂಲರಿಗೇ ಬರುತ್ತದೆ. ತಡೆಯಲು ಹೋದ ತೊಂದರೆಯನ್ನು ನಾವೇ ತಂದ ಹಾಗಾಗುತ್ತದೆ.

ಪೈಪಿಗೂ ಅಷ್ಟೇ. ಒರಿಜಿನಲ್ ಬ್ರೀದರ್ ಪೈಪಿನ ಒಳವ್ಯಾಸ ವರ್ನಿಯರ್ ಹಾಕಿ ಅಳೆಯಿರಿ. ಅದಕ್ಕಿಂತ ಒಂದು ಎಂಎಂ ಕೂಡ ಸಣ್ಣದು ಬೇಡ. 19 ಎಂಎಂ ಇದ್ದಲ್ಲಿ 12 ಎಂಎಂ ಹಾಕಿದರೆ ಸುಮಾರು ಅರ್ಧ ಆಯಿತು ಅನ್ನಿಸುತ್ತದೆ, ಆದರೆ ಉಳಿಯುವ ದಾರಿ 40 ಪರ್ಸೆಂಟ್ ಮಾತ್ರ. ಅಂಗಡಿಯಲ್ಲಿ ಆಯಿಲ್‌ಗೆ ಆಗುವ ನೈಟ್ರೈಲ್ ರಬ್ಬರ್ ಹೋಸ್ ಅಂತ ಕೇಳಿ. ತೋಟಕ್ಕೆ ನೀರು ಬಿಡುವ ಪೈಪು, ಪಾರದರ್ಶಕ ಪ್ಲಾಸ್ಟಿಕ್ ಪೈಪು ಬಿಸಿಗೆ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತವೆ. ನೀಲಿ ಸಿಲಿಕಾನ್ ಹೋಸ್ ನೋಡಲು ಚೆಂದ, ಆದರೆ ಒಳಗೆ ಆಯಿಲ್ ತಡೆಯುವ ಪದರ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಬೆವರುತ್ತದೆ.

ಡಬ್ಬಿಯನ್ನು ಟರ್ಬೊ ಮತ್ತು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ, ಹೆಡ್‌ಲೈಟ್ ಹಿಂದೆ ಗಾಳಿ ತಾಗುವ ಕಡೆ ಬಾಡಿಗೆ ಕಟ್ಟಿ. ತಣ್ಣಗಿದ್ದಷ್ಟೂ ಆಯಿಲ್ ಚೆನ್ನಾಗಿ ಹನಿಯಾಗುತ್ತದೆ. ಬಿಸಿ ಟರ್ಬೊ ಮೇಲೆ ಆಯಿಲ್ ಸುರಿದರೆ ಬೆಂಕಿಯೇ. ಇಂಜಿನ್ ಅಲ್ಲಾಡುತ್ತದೆ, ಹಾಗಾಗಿ ಹೋಸ್ ಸ್ವಲ್ಪ ಸಡಿಲ ಇರಲಿ, ಆದರೆ ನಡುವೆ ಜೋತು ಬೀಳಬಾರದು. ಜೋತಲ್ಲಿ ನೀರು ನಿಲ್ಲುತ್ತದೆ. ತಳಕ್ಕೆ ಕಾಲಿಂಚಿನ ಬಾಲ್ ವಾಲ್ವ್, ಅದರ ಬಾಯಿಗೆ ಇನ್ನೊಂದು ಪ್ಲಗ್.

ಪ್ರಶ್ನೆ (ಬೆಳಗಾವಿಯಿಂದ): ಅಣ್ಣಾ, ಇಷ್ಟೆಲ್ಲ ಯಾಕೆ? ಕಂಪ್ರೆಸರ್ ಗಾಳಿಯ ಫಿಲ್ಟರ್, ಗಾಜಿನ ಹಾಗೆ ಬಟ್ಟಲು ಇರುತ್ತದಲ್ಲ, ಅದನ್ನೇ ಹಾಕಿದರೆ? ಇಲ್ಲಾಂದ್ರೆ ಬ್ರೀದರ್ ಪೈಪನ್ನೇ ಕೆಳಗೆ ರಸ್ತೆಗೆ ಬಿಟ್ಟರೆ ಆಯಿತಲ್ವಾ? ಹಳೆಯ ಲಾರಿಗಳಲ್ಲಿ ಹಾಗೇ ಇತ್ತು.

ಉತ್ತರ: ಆ ಫಿಲ್ಟರಿನ ಬಾಯಿ ಕಾಲಿಂಚು, ಅರ್ಧ ಇಂಚು. ಅದರಲ್ಲೇ ಉಸಿರು ಕಟ್ಟುತ್ತದೆ. ಒಳಗಿನ ಸಣ್ಣ ಜಾಲರಿ ಮಸಿಗೆ ಬೇಗ ಮುಚ್ಚುತ್ತದೆ. ಆ ಬಟ್ಟಲು ಗಾಜಲ್ಲ, ಪಾಲಿಕಾರ್ಬನೇಟ್. ಸಾಮಾನ್ಯವಾಗಿ 60 ಡಿಗ್ರಿವರೆಗೆ ಅಂತ ಬರೆದಿರುತ್ತದೆ. ಬಾನೆಟ್ ಕೆಳಗೆ ಬಿರುಕು ಬಿಡುತ್ತದೆ.

ರಸ್ತೆಗೆ ಬಿಡುವುದು ಬೇಡವೇ ಬೇಡ ತಮ್ಮಾ. ಹಳೆಯ ಗಾಡಿಗಳಲ್ಲಿ ಇತ್ತು, ನಿಜ. ಆ ಹೊಗೆಯಲ್ಲಿ ಅರ್ಧ ಉರಿದ ಇಂಧನ ಇರುತ್ತದೆ. ಅದಕ್ಕೇ 1960ರ ದಶಕದ ಮೊದಲಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಇಂಜಿನ್‌ಗೇ ವಾಪಸ್ ಕಳಿಸುವ ಪಿಸಿವಿ ವ್ಯವಸ್ಥೆ ತಂದರು. ಈಗ ಹೊರಗೆ ಬಿಟ್ಟರೆ ಎಸಿ ದಾರಿಯಲ್ಲಿ ಕ್ಯಾಬಿನ್ನಿಗೇ ಬರುತ್ತದೆ. ಹಿಂದಿನ ಸೀಟಲ್ಲಿ ಮಕ್ಕಳು ಕೂರುತ್ತಾರೆ. ಡಬ್ಬಿಯಿಂದ ಹೊರಟ ಪೈಪ್ ಮತ್ತೆ ಟರ್ಬೊ ಮುಂಚಿನ ಅದೇ ಜಾಗಕ್ಕೆ ಸೇರಲಿ. 2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿ, ವಾರಂಟಿ ಇರುವ ಗಾಡಿ ಇದ್ದವರು ಕೈ ಹಾಕಬೇಡಿ. ಉಳಿದವರೂ ಇನ್ಶೂರೆನ್ಸ್‌ನವರನ್ನು ಒಂದು ಮಾತು ಕೇಳಿ. ಗಾಡಿಯ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 52ನೇ ಸೆಕ್ಷನ್ ಇದೆ.

ಪ್ರಶ್ನೆ (ಮೈಸೂರಿನಿಂದ): ಸರ್, ನನ್ನದು ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್. ಇದೇ ಥರ ಮಾಡಿದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ ಮೇಡಂ. ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಎರಡು ದಾರಿ. ನಿಧಾನಕ್ಕೆ ಓಡುವಾಗ ಮ್ಯಾನಿಫೋಲ್ಡ್ ಎಳೆಯುತ್ತದೆ, ಗ್ಯಾಸ್ ಪಿಸಿವಿ ವಾಲ್ವ್ ಮೂಲಕ ಅಲ್ಲಿಗೆ ಹೋಗುತ್ತದೆ. ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿ ಒತ್ತಿ ತುಂಬುವಾಗ, ಆ ವಾಲ್ವ್ ಮುಚ್ಚಿ, ಗ್ಯಾಸ್ ಟರ್ಬೊ ಮುಂಚಿನ ಪೈಪಿಗೆ ಹೋಗುತ್ತದೆ. ಒಂದು ಕಡೆ ಡಬ್ಬಿ ಹಾಕಿದರೆ ಇನ್ನೊಂದು ಕಡೆ ಆಯಿಲ್ ಹೋಗುತ್ತಲೇ ಇರುತ್ತದೆ. ವಾಲ್ವ್ ತಪ್ಪು ಕಡೆ ಬಿದ್ದರೆ ಬೂಸ್ಟ್ ಗಾಳಿ ನೇರ ಚೇಂಬರಿಗೆ ನುಗ್ಗುತ್ತದೆ. ನಿಮ್ಮ ಇಂಜಿನ್‌ಗೆ ಕ್ಯಾನಿನ ಲಾಭ ಹೆಚ್ಚೇ ಇದೆ. ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುವುದರಿಂದ ಇನ್‌ಟೇಕ್ ವಾಲ್ವನ್ನು ತೊಳೆಯುವವರಿಲ್ಲ, ಆಯಿಲ್ ಅಲ್ಲೇ ಸುಟ್ಟು ಕಾರ್ಬನ್ ಆಗುತ್ತದೆ. ಆದರೆ ಸುಮಾರು ಹೊಸ ಇಂಜಿನ್‌ಗಳಲ್ಲಿ ಈ ದಾರಿಗಳು ಟ್ಯಾಪೆಟ್ ಕವರಿನ ಒಳಗೇ ಇರುತ್ತವೆ. ಮಾಡೆಲ್ ಮತ್ತು ಇಸವಿ ಹೇಳಿ, ಬಾನೆಟ್ ತೆಗೆದ ಫೋಟೊ ಹಾಕಿ. ನೋಡದೆ ಹೇಳುವುದು ಬೇಡ.

ಪ್ರಶ್ನೆ (ಕೆನಡಾದ ಕ್ಯಾಲ್ಗರಿಯಿಂದ): ಇಲ್ಲಿ ಚಳಿಗಾಲದಲ್ಲಿ ಮೈನಸ್ 25 ಆಗುತ್ತದೆ. ಕ್ಯಾನ್ ಇಟ್ಟುಕೊಳ್ಳಬಹುದಾ?

ಉತ್ತರ: ಚಳಿಗಾಲಕ್ಕೆ ಮುಂಚೆ ಬಿಚ್ಚಿ ಒರಿಜಿನಲ್ ಪೈಪ್ ಹಾಕಿಬಿಡಿ. ಉರಿದ ಗ್ಯಾಸಿನಲ್ಲಿ ನೀರಿನ ಆವಿ ತುಂಬಾ ಇರುತ್ತದೆ. ಡಬ್ಬಿಯಲ್ಲಿ ಅದು ಹೆಪ್ಪುಗಟ್ಟಿದರೆ ಬಿರಡೆ ಹಾಕಿದ ಹಾಗೆ.

ಪ್ರಶ್ನೆ (ಸಕಲೇಶಪುರದಿಂದ ಮತ್ತೆ): ಸರ್, ಡಬ್ಬಿ ರೆಡಿ. ಇಂಜಿನ್ ಉಸಿರು ಕಟ್ಟಿಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಗಾರೆ ಕೆಲಸದವರು ಮಟ್ಟ ನೋಡುವ ಲೆವೆಲ್ ಪೈಪ್ ಇದೆಯಲ್ಲ, ಅದು ಸಾಕು. ಒಂದು ಹಳೆಯ ಆಯಿಲ್ ಕ್ಯಾಪಿಗೆ ತೂತು ಕೊರೆದು ನಿಪ್ಪಲ್ ಹಾಕಿ, ಪೈಪ್ ಸಿಕ್ಕಿಸಿ. ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಕ್ಯಾಪಿಗಿಂತ ಒಂದು ಮೀಟರ್ ಕೆಳಗೆ ಇರಲಿ. ನೀರು ಒಳಗೆ ಎಳೆದುಕೊಳ್ಳಬಾರದು. ಅರ್ಧಕ್ಕೆ ನೀರು ತುಂಬಿ, ಇನ್ನೊಂದು ತುದಿ ತೆರೆದಿರಲಿ. ಎರಡು ಕಡೆ ನೀರಿನ ಎತ್ತರದ ವ್ಯತ್ಯಾಸವೇ ಒಳಗಿನ ಒತ್ತಡ. 10 ಸೆಂ.ಮೀ. ಅಂದರೆ ಸುಮಾರು 10 ಮಿಲಿಬಾರ್. ಮೊದಲು ಡಬ್ಬಿ ಇಲ್ಲದೆ ಐಡಲ್‌ನಲ್ಲಿ, 2,500 ಆರ್‌ಪಿಎಮ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಡಬ್ಬಿ ಹಾಕಿ ಅದೇ ಥರ ನೋಡಿ. ಒಂದು ಎರಡು ಸೆಂ.ಮೀ. ಏರಿದರೆ ಬಿಡಿ. ಅದಕ್ಕಿಂತ ಜಾಸ್ತಿ ಏರಿದರೆ ಎಲ್ಲೋ ಕಟ್ಟಿದೆ.

ಡೀಸೆಲ್ ಆದ್ದರಿಂದ ಇದೊಂದನ್ನು ಮರೆಯಬೇಡಿ. ಡಬ್ಬಿ ತುಂಬಲು ಬಿಡಬಾರದು. ತುಂಬಿದ ಆಯಿಲನ್ನು ಟರ್ಬೊ ಎಳೆದುಕೊಂಡರೆ ಇಂಜಿನ್ ಆ ಆಯಿಲಿನಲ್ಲೇ ಓಡತೊಡಗುತ್ತದೆ, ಕೀ ತೆಗೆದರೂ ನಿಲ್ಲದೇ ಹೋಗಬಹುದು. ಹಾಗೇನಾದರೂ ಆದರೆ ಬ್ರೇಕ್ ಒತ್ತಿ ಹಿಡಿದು, ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಮಾಡಿಸಿ.

ಪ್ರಶ್ನೆ (ಅವರೇ, ಒಂದು ತಿಂಗಳ ನಂತರ): ಸರ್, ಡಬ್ಬಿ ಇಲ್ಲದೆ 2,500ರಲ್ಲಿ 1 ಸೆಂ.ಮೀ. ಇತ್ತು. ಹಾಕಿದ ಮೇಲೆ 5 ಬಂತು. ಎರಡು ಉಂಡೆ ನಾರಿನಲ್ಲಿ ಒಂದನ್ನು ತೆಗೆದೆ, 2ಕ್ಕೆ ಇಳಿಯಿತು. ಶಿರಾಡಿ ಘಾಟ್ ನಾಲ್ಕು ಸಲ ಹತ್ತಿ ಇಳಿದು 1,000 ಕಿ.ಮೀ. ಆಯಿತು. ಇವತ್ತು ವಾಲ್ವ್ ತಿರುಗಿಸಿದರೆ ಅರ್ಧ ಕಾಫಿ ಲೋಟ ಬಂತು. ಆದರೆ ಬಣ್ಣ ಕಪ್ಪಿಲ್ಲ, ಹಾಲು ಜಾಸ್ತಿಯಾದ ಕಾಫಿ ಥರ ಇದೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಸೇರುತ್ತಿದೆಯಾ ಅಂತ ಭಯ ಆಗ್ತಿದೆ.

ಉತ್ತರ: ನಾರು ತೆಗೆದದ್ದು ಸರಿಯಾಗಿದೆ. ನಿಮ್ಮಲ್ಲಿ ಈಗ ಮಳೆ ಹಿಡಿದಿದೆ. ಬೆಳಿಗ್ಗೆ ತೋಟದಿಂದ ಪೇಟೆಗೆ ಎರಡು ಮೂರು ಕಿ.ಮೀ. ಹೋಗಿ ನಿಲ್ಲಿಸಿದರೆ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಆವಿ ನೀರಾಗಿ ಆಯಿಲ್ ಜೊತೆ ಕಲೆತು ಹೀಗೆ ಹಾಲಿನ ಬಣ್ಣ ಬರುತ್ತದೆ. ಆದರೂ ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ಎಂದಿನ ಹಾಗೆ ಇದ್ದು, ಕೂಲೆಂಟ್ ಮಟ್ಟ ಒಂದು ವಾರ ಗುರುತು ಹಾಕಿ ನೋಡಿದಾಗ ಇಳಿಯದಿದ್ದರೆ ಗ್ಯಾಸ್ಕೆಟ್ ಚೆನ್ನಾಗಿದೆ. ಎರಡರಲ್ಲಿ ಒಂದು ತಪ್ಪಿದರೂ ಗಾಡಿ ಓಡಿಸಬೇಡಿ, ನನಗೆ ಫೋಟೊ ಕಳಿಸಿ.

ಆ ಆಯಿಲನ್ನು ವಾಪಸ್ ಇಂಜಿನ್‌ಗೆ ಹಾಕಬೇಡಿ, ಅದರಲ್ಲಿ ನೀರೂ ಡೀಸೆಲ್ಲೂ ಇದೆ. ತೋಟದ ಚರಂಡಿಗೂ ಚೆಲ್ಲಬೇಡಿ. ಬೇರೆ ಕ್ಯಾನಿಗೆ ತುಂಬಿಟ್ಟು, ಸರ್ವಿಸ್‌ಗೆ ಹೋದಾಗ ಗ್ಯಾರೇಜಿನ ಹಳೆಯ ಆಯಿಲ್ ಡ್ರಮ್ಮಿಗೆ ಹಾಕಿ. ಮಳೆ ಮುಗಿಯುವವರೆಗೆ 1,000 ಕಿ.ಮೀ.ಗೊಮ್ಮೆ ಖಾಲಿ ಮಾಡಿ, ಎಷ್ಟು ಬಂತು ಅಂತ ಪ್ರತಿ ಸಲ ಬರೆದಿಡಿ. ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ ಒಮ್ಮೆ ಮುಚ್ಚಳ ಬಿಚ್ಚಿ ನಾರು ತೊಳೆದು, ಲೆವೆಲ್ ಪೈಪ್ ಹಾಕಿ ಅಳತೆ ಇಲ್ಲಿ ಹಾಕಿ. ನೋಡುತ್ತೇನೆ.