ಡಾರ್ಕ್ ಎನರ್ಜಿ ಕುಗ್ಗುತ್ತಿದೆಯೇ? ವಿಶ್ವವಿಜ್ಞಾನಿಯನ್ನು ಕೇಳಿ

ನಿರ್ವಾಹಕ: ಡಾರ್ಕ್ ಎನರ್ಜಿ ಎಂದರೆ ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತಿರುವ, ಇನ್ನೂ ಅರ್ಥವಾಗದ ಶಕ್ತಿ. ಅದು ಐನ್‌ಸ್ಟೈನ್ ಸಮೀಕರಣದ ಸ್ಥಿರಾಂಕದಂತೆ ಬದಲಾಗದೆ ಇರುತ್ತದೆ ಎಂಬುದು ರೂಢಿಯ ನಂಬಿಕೆ; ಕಾಲ ಕಳೆದಂತೆ ಕುಗ್ಗುತ್ತಿರಬಹುದು ಎಂಬ ಸುಳಿವು ಡೆಸಿ ಎಂಬ ಗೆಲಾಕ್ಸಿ ಸಮೀಕ್ಷೆಯಲ್ಲಿ ಕಂಡಿದೆ. ಮಾರ್ಚ್ 2025ರಲ್ಲಿ ಹೊರಬಂದ ಆ ಫಲಿತಾಂಶದ ಬಗ್ಗೆ ನಮ್ಮ ಬಳಗದ ವಿಶ್ವವಿಜ್ಞಾನಿ ಮೇಡಂ ಉತ್ತರಿಸುತ್ತಾರೆ. ಹಿಂದಿನ ಉತ್ತರಗಳನ್ನು ಓದಿ ಕೇಳಿ.

ಬಿ.ಎಸ್ಸಿ. ವಿದ್ಯಾರ್ಥಿ: ನಮಸ್ಕಾರ ಮೇಡಂ. ಡೆಸಿ ಅಳೆಯುವುದು ಏನನ್ನು?

ಮೇಡಂ: ಅರಿಜೋನಾದ ಕಿಟ್ ಪೀಕ್‌ನಲ್ಲಿರುವ 4 ಮೀಟರ್ ದೂರದರ್ಶಕದಲ್ಲಿ 5,000 ಪುಟ್ಟ ರೋಬಾಟ್‌ಗಳಿವೆ. ಪ್ರತಿಯೊಂದೂ ತನ್ನ ಫೈಬರ್ ಎಳೆಯ ತುದಿಯನ್ನು ಒಂದು ಗೆಲಾಕ್ಸಿಯ ಬೆಳಕು ಬೀಳುವಲ್ಲಿಗೆ ಸರಿಸುತ್ತದೆ. ಹೀಗೆ 1.4 ಕೋಟಿಗೂ ಹೆಚ್ಚು ಗೆಲಾಕ್ಸಿಗಳ, ಕ್ವೇಸಾರ್‌ಗಳ (ಅತಿ ಪ್ರಕಾಶದ ಗೆಲಾಕ್ಸಿ ಕೇಂದ್ರಗಳ) ನಕ್ಷೆ ಸಿಕ್ಕಿದೆ. ಅದರಲ್ಲಿ ಎಳೆಯ ವಿಶ್ವದ ಶಬ್ದತರಂಗಗಳು ಬಿಟ್ಟುಹೋದ ಒಂದು ಅಳತೆಯಿದೆ, ಇಂದಿನ ಲೆಕ್ಕಕ್ಕೆ ಸುಮಾರು 48 ಕೋಟಿ ಜ್ಯೋತಿರ್ವರ್ಷ. ಬೇರೆ ಬೇರೆ ಕಾಲದಲ್ಲಿ ಅದು ಎಷ್ಟಗಲ ಕಾಣುತ್ತದೆ ಎಂದು ನೋಡಿದರೆ ವಿಶ್ವ ಹಿಗ್ಗಿದ ಬಗೆ ತಿಳಿಯುತ್ತದೆ.

ಗೃಹಿಣಿ, ಹಾಸನ: ಹಾಗಾದರೆ ಐನ್‌ಸ್ಟೈನ್ ತಪ್ಪೇ?

ಮೇಡಂ: ಹಾಗೆಂದು ಯಾರೂ ಸಾಬೀತು ಮಾಡಿಲ್ಲ.

ಭೌತಶಾಸ್ತ್ರ ಉಪನ್ಯಾಸಕಿ: ಸೂಪರ್‌ನೋವಾ ಎಂದರೆ ಸಿಡಿಯುವ ನಕ್ಷತ್ರ, ಹೊಳಪು ನೋಡಿ ದೂರ ಅಳೆಯಬಹುದು. ಅವುಗಳ ಮೂರು ಪಟ್ಟಿಗಳನ್ನು ಒಂದೊಂದಾಗಿ ಡೆಸಿಗೆ ಸೇರಿಸಿದರೆ ಸುಳಿವಿನ ಬಲ 2.8, 3.8, 4.2 ಸಿಗ್ಮಾ ಬರುತ್ತದೆ (ಸಿಗ್ಮಾ ಹೆಚ್ಚಿದಷ್ಟೂ ಆಕಸ್ಮಿಕವಾಗಿ ಅಂಥ ವ್ಯತ್ಯಾಸ ಕಾಣುವುದು ಅಪರೂಪ). ಆಕಾಶ ಒಂದೇ, ಉತ್ತರ ಮೂರೇಕೆ?

ಮೇಡಂ: ನನ್ನ ತಲೆ ಕೊರೆಯುತ್ತಿರುವುದೂ ಇದೇ. ಡೆಸಿಗೆ ಸೂಕ್ಷ್ಮತರಂಗ ಹಿನ್ನೆಲೆಯನ್ನು, ಅಂದರೆ ಎಳೆಯ ವಿಶ್ವದಿಂದ ಉಳಿದುಬಂದ ಬೆಳಕನ್ನು ಮಾತ್ರ ಸೇರಿಸಿದರೆ 3.1. ಸೂಪರ್‌ನೋವಾ ಬಂದೊಡನೆ ಸಂಖ್ಯೆ ಓಲಾಡುತ್ತದೆ. ಡಾರ್ಕ್ ಎನರ್ಜಿಯ ಬದಲಾವಣೆ ಎದ್ದುಕಾಣುವುದು ಇತ್ತೀಚಿನ ಕಾಲದಲ್ಲಿ, ಅಂದರೆ ಹತ್ತಿರದಿಂದ ಬಂದ ಬೆಳಕಿನಲ್ಲಿ. ನಮ್ಮ ಆಸುಪಾಸಿನ ವಿಶ್ವ ಚಿಕ್ಕದು, ಅಲ್ಲಿ ಗೆಲಾಕ್ಸಿ ನಕ್ಷೆಯ ಬಲ ಸಾಲದು, ಸೂಪರ್‌ನೋವಾಗಳ ಮಾತೇ ನಡೆಯುತ್ತದೆ. 4.2 ಕೊಟ್ಟ ಡಿಇಎಸ್ (ಡಾರ್ಕ್ ಎನರ್ಜಿ ಸರ್ವೆ) ಪಟ್ಟಿಯನ್ನೇ ನೋಡಿ. ದೂರದ 1,635 ಸೂಪರ್‌ನೋವಾಗಳನ್ನು ಹಿಡಿದದ್ದು ಚಿಲಿಯ ಒಂದೇ ಕ್ಯಾಮೆರಾ. ಹತ್ತಿರದ 194 ಬೇರೆ ದೂರದರ್ಶಕಗಳವು, ಬೇರೆ ಫಿಲ್ಟರ್‌ಗಳವು. ಎರಡರ ನಡುವೆ ಹೊಳಪಿನಲ್ಲಿ ಶೇ. 4ರಷ್ಟು ತಾಳೆ ತಪ್ಪಿದ್ದರೂ ಸುಳಿವು ಬಹುಪಾಲು ಕರಗುತ್ತದೆ ಎಂದು ವಿಶ್ವವಿಜ್ಞಾನಿ ಜಾರ್ಜ್ ಎಫ್‌ಸ್ಟಾಥಿಯೂ 2024ರಲ್ಲೇ ಎಚ್ಚರಿಸಿದ್ದರು. ಡಿಇಎಸ್ ತಂಡ ಒಪ್ಪಲಿಲ್ಲ. ಆದರೆ 2025ರ ಕೊನೆಗೆ ಅವರೇ ಹೊಳಪಿನ ಅಳತೆಗಳನ್ನು ಮತ್ತೆ ಹೊಂದಿಸಿದಾಗ 4.2 ಇದ್ದದ್ದು 3.2ಕ್ಕೆ ಇಳಿಯಿತು.

ಹಾಗೆಂದು ತಳ್ಳಿಹಾಕಲೂ ಮನಸ್ಸಿಲ್ಲ. ಡಾರ್ಕ್ ಎನರ್ಜಿ ಸ್ಥಿರವೆಂದರೆ, ಡೆಸಿಯ ಲೆಕ್ಕದಲ್ಲಿ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳ ಒಟ್ಟು ದ್ರವ್ಯರಾಶಿ 0.064 ಎಲೆಕ್ಟ್ರಾನ್‌ವೋಲ್ಟ್ (ಕಣಗಳ ದ್ರವ್ಯರಾಶಿಯ ಏಕಮಾನ) ದಾಟುವಂತಿಲ್ಲ. ಭೂಮಿಯ ಮೇಲಿನ ಪ್ರಯೋಗಗಳ ಪ್ರಕಾರ ಕನಿಷ್ಠ 0.059 ಇರಲೇಬೇಕು. ಬದಲಾಗುತ್ತದೆ ಎಂದುಕೊಂಡರೆ ಈ ಇಕ್ಕಟ್ಟು ಸಡಿಲವಾಗುತ್ತದೆ.

ನಿವೃತ್ತ ಇಂಜಿನಿಯರ್: 4.2 ಸಿಗ್ಮಾ ಎಂದರೆ ಶೇ. 99.99 ಖಚಿತ. ಸ್ಥಿರಾಂಕದ ಕಥೆ ಮುಗಿಯಿತು.

ಬಿ.ಎಸ್ಸಿ. ವಿದ್ಯಾರ್ಥಿ: ಅಲ್ಲ ಸರ್. ಸ್ಥಿರವಾಗಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವುದು ಅಪರೂಪ ಎಂದಷ್ಟೇ ಅರ್ಥ. ಅಳತೆಯಲ್ಲಿ ಯಾರ ಗಮನಕ್ಕೂ ಬಾರದ ದೋಷವಿದ್ದರೆ ಸಿಗ್ಮಾ ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಿವೃತ್ತ ಇಂಜಿನಿಯರ್: ನಾನು ಸಿಗ್ಮಾ ಕಲಿತಾಗ ನೀವು ಹುಟ್ಟಿರಲಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿ: ಆಮೇಲೆ ಮರೆತಿರಬೇಕು.

ಸದಸ್ಯ, ತುಮಕೂರು: ಪಿಎಚ್.ಡಿ.ಗೆ ಯಾವ ಪರೀಕ್ಷೆ ಬರೆಯಬೇಕು?

ಸದಸ್ಯ, ದಾವಣಗೆರೆ: ಬಂದದ್ದನ್ನು ಕಳುಹಿಸಿದ್ದೇನೆ: «ಡಾರ್ಕ್ ಎನರ್ಜಿ ಕುಸಿಯುತ್ತಿದೆ. ದುಷ್ಪರಿಣಾಮ ತಡೆಯಲು ಈಶಾನ್ಯ ಮೂಲೆಯಲ್ಲಿ ತಾಮ್ರದ ಪಿರಮಿಡ್ ಇಡಿ. ಹತ್ತು ಜನರಿಗೆ ತಿಳಿಸಿ.»

ಮೇಡಂ: ಒಬ್ಬರಿಗೂ ತಿಳಿಸಬೇಡಿ. ಇಡೀ ಭೂಮಿಯಷ್ಟು ಜಾಗದಲ್ಲಿರುವ ಡಾರ್ಕ್ ಎನರ್ಜಿಯನ್ನು ತೂಕಕ್ಕೆ ಇಳಿಸಿದರೆ ಆರೇಳು ಮಿಲಿಗ್ರಾಂ. ನಿಮ್ಮ ಈಶಾನ್ಯ ಮೂಲೆಗೆ ಎಷ್ಟು ಬಂತೆಂದು ಲೆಕ್ಕ ಹಾಕಿ, ಆಮೇಲೆ ಪಿರಮಿಡ್ ಕೊಳ್ಳಿ.

ಸದಸ್ಯ, ದಾವಣಗೆರೆ: ಇಟ್ಟರೆ ನಷ್ಟವೇನು?

ಮೇಡಂ: ದುಡ್ಡು.

ಗೃಹಿಣಿ, ಹಾಸನ: ಒಂದೇ ಮಾತಿನಲ್ಲಿ ಹೇಳಿ, ಐನ್‌ಸ್ಟೈನ್ ತಪ್ಪೋ ಸರಿಯೋ?

ಮೇಡಂ: ಮೇಲೆ ಉತ್ತರಿಸಿದ್ದೇನೆ.

ಭೌತಶಾಸ್ತ್ರ ಉಪನ್ಯಾಸಕಿ: ಇದನ್ನು ತೀರ್ಮಾನಿಸುವುದು ಹೇಗೆ?

ಮೇಡಂ: ಚಿಲಿಯ ರೂಬಿನ್ ವೀಕ್ಷಣಾಲಯ ಹತ್ತಿರದ, ದೂರದ ಸೂಪರ್‌ನೋವಾಗಳನ್ನು ಒಂದೇ ಕ್ಯಾಮೆರಾದಲ್ಲಿ ಹಿಡಿಯಲಿದೆ. ಆಗಲೂ ಸುಳಿವು ಉಳಿದರೆ ನಾನು ನಂಬುತ್ತೇನೆ.

ನಿವೃತ್ತ ಇಂಜಿನಿಯರ್: ನನಗೆ 4.2 ಸಾಕು.

ಮೇಡಂ: ಅದು ಈಗ 3.2. ಓದಿಲ್ಲವೆಂದು ಕಾಣುತ್ತದೆ.

ನಿರ್ವಾಹಕ: ಪ್ರತಿಕ್ರಿಯೆಗಳನ್ನು ಮುಚ್ಚಲಾಗಿದೆ.